ಒಂದೇ 8 ಲಕ್ಷ, ಮೂರು ಬೇರೆ ಬೇರೆ ತೆರಿಗೆ: ಕೊಡಗಿನಲ್ಲಿ ಹೊಸ ಉದ್ಯಮಕ್ಕೆ ಕೈಹಾಕುವ ಮುನ್ನ

ಮಡಿಕೇರಿ ತಾಲ್ಲೂಕಿನ ಒಂದೇ ಊರಿನಲ್ಲಿ ಮೂರು ಮನೆಯವರು ಒಂದೇ ವರ್ಷ ಹೋಂಸ್ಟೇ ತೆರೆದರು ಎಂದಿಟ್ಟುಕೊಳ್ಳಿ. ಅಡುಗೆಯವರ ಸಂಬಳ, ಕರೆಂಟು, ಬುಕಿಂಗ್ ಆ್ಯಪಿನ ಕಮಿಷನ್, ಸವಕಳಿ ಎಲ್ಲ ಕಳೆದು ಮೂವರಿಗೂ ಉಳಿದದ್ದು 8 ಲಕ್ಷ ರೂಪಾಯಿ. ಮೊದಲನೆಯವರಿಗೆ ಬೇರೆ ಆದಾಯವೇ ಇಲ್ಲ, ಅವರು ಕಟ್ಟಬೇಕಾದ ಆದಾಯ ತೆರಿಗೆ ಸೊನ್ನೆ. ಎರಡನೆಯವರಿಗೆ ಕಾಫಿ, ಮೆಣಸಿನ ತೋಟದಿಂದ ವರ್ಷಕ್ಕೆ 15 ಲಕ್ಷ ನಿವ್ವಳ ಬರುತ್ತದೆ, ಅವರಿಗೆ 36,400 ರೂಪಾಯಿ. ಮೂರನೆಯವರು ಸೇನೆಯಿಂದ ನಿವೃತ್ತರಾಗಿ ಊರಿಗೆ ಬಂದವರು, ವರ್ಷಕ್ಕೆ 15.75 ಲಕ್ಷ ಪಿಂಚಣಿ ಇದೆ. ಅದೇ 8 ಲಕ್ಷಕ್ಕೆ ಅವರು ಹೆಚ್ಚಾಗಿ ಕಟ್ಟಬೇಕಾದದ್ದು 1,76,800 ರೂಪಾಯಿ.

ದರಪಟ್ಟಿ ಮೂವರಿಗೂ ಒಂದೇ. ಹಾಗಾದರೆ ಇಷ್ಟು ವ್ಯತ್ಯಾಸ ಎಲ್ಲಿಂದ ಬಂತು? ತೆರಿಗೆಯ ದರಗಳನ್ನು ಮೆಟ್ಟಿಲುಗಳೆಂದು ಭಾವಿಸಿದರೆ, ಹೊಸ ಉದ್ಯಮದ ಮೊದಲ ರೂಪಾಯಿ ಎಲ್ಲರಿಗೂ ಕೆಳಗಿನ ಮೆಟ್ಟಿಲಿನಿಂದ ಹತ್ತಲು ಶುರು ಮಾಡುವುದಿಲ್ಲ. ಈಗಾಗಲೇ ಇರುವ ಆದಾಯ ಎಲ್ಲಿ ನಿಂತಿದೆಯೋ ಅದರ ಮುಂದಿನ ಮೆಟ್ಟಿಲಿಗೆ ಬಂದು ಬೀಳುತ್ತದೆ. ಬಜೆಟ್ ದಿನ ಪತ್ರಿಕೆಯಲ್ಲಿ ಅಚ್ಚಾಗುವ ಗರಿಷ್ಠ ದರಕ್ಕಿಂತ ಈ ಸಂಗತಿಯೇ ಉದ್ಯಮ ಆರಂಭಿಸುವವರ ಲೆಕ್ಕವನ್ನು ಹೆಚ್ಚು ಬದಲಿಸುತ್ತದೆ. ತೋಟದ ಆದಾಯ, ಪಿಂಚಣಿ, ಬೆಂಗಳೂರಿನ ಸಂಬಳ ಎಲ್ಲವೂ ಬೆರೆತಿರುವ ಕೊಡಗಿನಂಥ ಜಿಲ್ಲೆಯಲ್ಲಂತೂ ಇದನ್ನು ಬಿಟ್ಟು ತೆರಿಗೆಯ ಮಾತನ್ನೇ ಆಡುವಂತಿಲ್ಲ.

ಮೊದಲು ದರಪಟ್ಟಿ. ಇಲ್ಲಿನ ಲೆಕ್ಕಗಳೆಲ್ಲ 2025-26ರ ಆರ್ಥಿಕ ವರ್ಷದ ಹೊಸ ತೆರಿಗೆ ಪದ್ಧತಿಯವು. 4 ಲಕ್ಷದವರೆಗೆ ತೆರಿಗೆಯಿಲ್ಲ. 4ರಿಂದ 8 ಲಕ್ಷದವರೆಗಿನ ಭಾಗಕ್ಕೆ ಶೇ 5, 8ರಿಂದ 12ಕ್ಕೆ ಶೇ 10, 12ರಿಂದ 16ಕ್ಕೆ ಶೇ 15, 16ರಿಂದ 20ಕ್ಕೆ ಶೇ 20, 20ರಿಂದ 24ಕ್ಕೆ ಶೇ 25, ಅದರ ಮೇಲೆ ಶೇ 30. ಒಟ್ಟು ಆದಾಯ 12 ಲಕ್ಷ ಮೀರದಿದ್ದರೆ 60,000 ರೂಪಾಯಿವರೆಗೆ ರಿಬೇಟ್, ಅಂದರೆ ತೆರಿಗೆಯಲ್ಲೇ ಕಡಿತ, ಸಿಗುತ್ತದೆ. 12 ಲಕ್ಷದವರೆಗೆ ತೆರಿಗೆ ಇಲ್ಲ ಎನ್ನುವ ಮಾತಿನ ಮೂಲ ಇದೇ. ಸಂಬಳ, ಪಿಂಚಣಿ ಇರುವವರಿಗೆ ಇದಲ್ಲದೆ ಆದಾಯದಿಂದ ನೇರವಾಗಿ ಕಳೆಯುವ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆ. ವ್ಯಾಪಾರದ ಆದಾಯಕ್ಕೆ ಅದು ಇಲ್ಲ. ಕೊನೆಗೆ ಬಂದ ತೆರಿಗೆಯ ಮೇಲೆ ಶೇ 4 ಸೆಸ್. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಆದರೂ ಆಡಿಟರ್ ಕಚೇರಿಗಳಲ್ಲಿ ಇನ್ನೂ ಕೇಳಿಬರುವುದು ಹಳೆಯ ಸಂಖ್ಯೆಗಳೇ ಆದ್ದರಿಂದ ಇಲ್ಲೂ ಅವನ್ನೇ ಬಳಸಿದೆ.

ತೋಟದ ಆದಾಯಕ್ಕೆ ತೆರಿಗೆ ಇಲ್ಲ, ಆದರೂ ಅದು ಲೆಕ್ಕಕ್ಕೆ ಬರುತ್ತದೆ

ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ ಎಂಬುದು ಎಲ್ಲ ಬೆಳೆಗಾರರಿಗೂ ಗೊತ್ತು. ಅದರ ಜೊತೆಗಿರುವ ಇನ್ನೊಂದು ನಿಯಮ ಅಷ್ಟು ಜನರಿಗೆ ಗೊತ್ತಿಲ್ಲ. ಕೃಷಿ ಆದಾಯ 5,000 ರೂಪಾಯಿ ದಾಟಿ, ಕೃಷಿಯೇತರ ಆದಾಯವೂ 4 ಲಕ್ಷ ದಾಟಿದರೆ, ದರ ನಿಗದಿ ಮಾಡುವುದಕ್ಕೆ ಮಾತ್ರ ಎರಡನ್ನೂ ಕೂಡಿಸುತ್ತಾರೆ.

ಲೆಕ್ಕ ಹಾಕುವ ರೀತಿ ಹೀಗೆ. ಎರಡನೆಯ ಮನೆಯವರ ತೋಟದ 15 ಲಕ್ಷಕ್ಕೆ ಹೋಂಸ್ಟೇಯ 8 ಲಕ್ಷ ಸೇರಿಸಿದರೆ 23 ಲಕ್ಷ. ಅದಕ್ಕೆ ತೆರಿಗೆ 2,75,000. ಬಳಿಕ ತೋಟದ 15 ಲಕ್ಷಕ್ಕೆ ವಿನಾಯಿತಿಯ 4 ಲಕ್ಷ ಸೇರಿಸಿದರೆ 19 ಲಕ್ಷ. ಅದಕ್ಕೆ ತೆರಿಗೆ 1,80,000. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ 95,000. ಅವರ ತೆರಿಗೆಗೆ ಒಳಪಡುವ ಒಟ್ಟು ಆದಾಯ 8 ಲಕ್ಷ ಮಾತ್ರ, ಏಕೆಂದರೆ ವಿನಾಯಿತಿ ಇರುವ ಕೃಷಿ ಆದಾಯ ಅದರೊಳಗೆ ಬರುವುದಿಲ್ಲ. ಹಾಗಾಗಿ 60,000 ರಿಬೇಟ್ ಪೂರ್ತಿ ಸಿಗುತ್ತದೆ. ಉಳಿದ 35,000ಕ್ಕೆ ಸೆಸ್ ಸೇರಿ 36,400.

ಇದರಿಂದ ಒಂದು ಉಪಯುಕ್ತ ಅಳತೆ ಸಿಗುತ್ತದೆ. ತೋಟದ ಆದಾಯ 20 ಲಕ್ಷವಿರಲಿ, 80 ಲಕ್ಷವಿರಲಿ, ಕೃಷಿಯೇತರ ಆದಾಯ 4 ಲಕ್ಷ ದಾಟಿದ ಮೇಲೆ ಪ್ರತಿ ರೂಪಾಯಿಗೂ ಶೇ 30ರ ದರ ಬೀಳುತ್ತದೆ. ಆದರೆ ಮೊದಲ 2 ಲಕ್ಷದ ಮೇಲಿನ 60,000 ತೆರಿಗೆಯನ್ನು ರಿಬೇಟ್ ನುಂಗಿಹಾಕುತ್ತದೆ. ಅಂದರೆ ಎಷ್ಟೇ ದೊಡ್ಡ ಬೆಳೆಗಾರರಾದರೂ ಹೊಸ ಪದ್ಧತಿಯಲ್ಲಿ 6 ಲಕ್ಷದವರೆಗಿನ ವ್ಯಾಪಾರದ ಲಾಭಕ್ಕೆ ತೆರಿಗೆ ಬರುವುದಿಲ್ಲ. ಹಳೆಯ ಪದ್ಧತಿಯಲ್ಲಿ ಇದೇ ಮಿತಿ ಸುಮಾರು 2.92 ಲಕ್ಷಕ್ಕೆ ನಿಲ್ಲುತ್ತದೆ. ತೋಟದವರು ಸಣ್ಣ ಪ್ರಮಾಣದಲ್ಲಿ ಏನಾದರೂ ಪ್ರಯತ್ನಿಸಿ ನೋಡುವುದಕ್ಕೆ ಈಗಿನ ದರಪಟ್ಟಿ ಮೊದಲಿಗಿಂತ ಅನುಕೂಲವಾಗಿದೆ ಎಂದು ಧೈರ್ಯವಾಗಿ ಹೇಳಬಹುದು. ಒಂದು ಎಚ್ಚರ: ಈ 6 ಲಕ್ಷದೊಳಗೆ ಬ್ಯಾಂಕ್ ಠೇವಣಿಯ ಬಡ್ಡಿ, ಬಾಡಿಗೆ ಎಲ್ಲವೂ ಸೇರುತ್ತದೆ. ಠೇವಣಿಯ ಬಡ್ಡಿಯೇ 3 ಲಕ್ಷವಿದ್ದರೆ ಹೊಸ ಉದ್ಯಮಕ್ಕೆ ಉಳಿಯುವುದು ಇನ್ನು 3 ಲಕ್ಷದಷ್ಟು ಜಾಗ ಮಾತ್ರ.

ತೋಟದೊಳಗೇ ಕಟ್ಟಿದ ಹೋಂಸ್ಟೇಯ ಆದಾಯವೂ ಕೃಷಿ ಆದಾಯವೇ ಎಂದು ಕೆಲವರು ನಂಬಿದ್ದಾರೆ. ಅದು ತಪ್ಪು. ತೋಟದ ಮನೆಯನ್ನು ವಾಸಕ್ಕೆ ಅಥವಾ ವ್ಯಾಪಾರಕ್ಕೆ ಕೊಟ್ಟು ಬಂದ ಹಣ ಕೃಷಿ ಆದಾಯವಲ್ಲ ಎಂದು ಕಾಯ್ದೆಯ ವ್ಯಾಖ್ಯೆಯಲ್ಲೇ ಸ್ಪಷ್ಟವಾಗಿ ಬರೆದಿದೆ. ಪ್ರವಾಸಿಗರಿಗೆ ತೋಟ ಸುತ್ತಿಸಿ ಪಡೆಯುವ ಶುಲ್ಕವೂ ಹಾಗೆಯೇ.

ಪಿಂಚಣಿಯವರಿಗೆ ಎದುರಾಗುವ ಕಷ್ಟ

ಮೂರನೆಯ ಮನೆಯವರ ಲೆಕ್ಕ ಸರಳ. ಪಿಂಚಣಿಯಲ್ಲಿ 75,000 ಕಳೆದು 15 ಲಕ್ಷ. ಅದಕ್ಕೆ ತೆರಿಗೆ 1,05,000. ಹೋಂಸ್ಟೇ ಸೇರಿ 23 ಲಕ್ಷವಾದಾಗ 2,75,000. ವ್ಯತ್ಯಾಸ 1,70,000, ಸೆಸ್ ಸೇರಿ 1,76,800. ಹೊಸ ಆದಾಯದ ಶೇ 22ಕ್ಕೂ ಸ್ವಲ್ಪ ಹೆಚ್ಚು.

ಇದಕ್ಕಿಂತ ಕಠಿಣ ಜಾಗ 12 ಲಕ್ಷದ ಅಂಚಿನಲ್ಲಿದೆ. 12.75 ಲಕ್ಷ ಪಿಂಚಣಿ ಅಥವಾ ಸಂಬಳ ಇರುವವರು ಈಗ ತೆರಿಗೆ ಕಟ್ಟುವುದಿಲ್ಲ. ಅಂಥವರೊಬ್ಬರು ಮನೆಯಲ್ಲೇ ಚಾಕೊಲೇಟ್ ಮಾಡಿ ಮಾರಿ ವರ್ಷಕ್ಕೆ 70,000 ಲಾಭ ಮಾಡಿದರೆ, ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ಒಟ್ಟು ಆದಾಯ 12.70 ಲಕ್ಷವಾಗುತ್ತದೆ, ರಿಬೇಟ್ ಹೋಗುತ್ತದೆ. ಅಂಚಿನಲ್ಲಿರುವವರಿಗೆಂದು ಇರುವ ಪರಿಹಾರದ ನಿಯಮ ತೆರಿಗೆಯನ್ನು 12 ಲಕ್ಷದ ಮೇಲಿನ ಮೊತ್ತಕ್ಕೆ, ಅಂದರೆ 70,000ಕ್ಕೆ, ಕಟ್ಟಿಹಾಕುತ್ತದೆ. ಅದರ ಮೇಲೆ ಸೆಸ್ 2,800. ದುಡಿದದ್ದು 70,000, ಕಟ್ಟಬೇಕಾದದ್ದು 72,800. ಒಟ್ಟು ಆದಾಯ ಸುಮಾರು 12,70,600 ರೂಪಾಯಿ ದಾಟುವವರೆಗೂ ಹೊಸ ದುಡಿಮೆಯೆಲ್ಲ ಹೀಗೇ ಹೋಗುತ್ತದೆ, ಆಮೇಲಷ್ಟೇ ಶೇ 15ರ ದರ ಕೆಲಸ ಶುರು ಮಾಡುತ್ತದೆ. ದರಪಟ್ಟಿಯಲ್ಲಿ ಎಲ್ಲೂ ಶೇ 100 ಎಂದು ಬರೆದಿಲ್ಲ, ಆದರೆ ಇಲ್ಲಿ ನಿಜವಾಗಿ ಬೀಳುವ ದರ ಅದಕ್ಕೂ ಮೇಲೆ. ಸಣ್ಣದಾಗಿ ಶುರು ಮಾಡಿ ನಿಧಾನಕ್ಕೆ ಬೆಳೆಯೋಣ ಎನ್ನುವವರಿಗೇ ಈ ಪೆಟ್ಟು ಬೀಳುವುದು ಬೇಸರದ ಸಂಗತಿ.

ಪಿಂಚಣಿದಾರರಿಗೆ ಮತ್ತೊಂದು ಬದಲಾವಣೆ ಗೊತ್ತಿರಬೇಕು. 60 ವರ್ಷ ದಾಟಿದವರಿಗೆ ವ್ಯಾಪಾರದ ಆದಾಯ ಇಲ್ಲದಿದ್ದರೆ ಮುಂಗಡ ತೆರಿಗೆ ಕಟ್ಟುವ ಹೊಣೆ ಇಲ್ಲ. ಹೋಂಸ್ಟೇ ತೆರೆದ ವರ್ಷದಿಂದಲೇ ಆ ಸೌಲಭ್ಯ ಹೋಗುತ್ತದೆ. ವರ್ಷದ ಬಾಕಿ ತೆರಿಗೆ 10,000 ಅಥವಾ ಹೆಚ್ಚಿದ್ದರೆ ಜೂನ್ 15ಕ್ಕೆ ಶೇ 15, ಸೆಪ್ಟೆಂಬರ್ 15ಕ್ಕೆ ಒಟ್ಟು ಶೇ 45, ಡಿಸೆಂಬರ್ 15ಕ್ಕೆ ಶೇ 75, ಮಾರ್ಚ್ 15ಕ್ಕೆ ಪೂರ್ತಿ ಕಟ್ಟಿರಬೇಕು. ತಪ್ಪಿದರೆ ತಿಂಗಳಿಗೆ ಶೇ 1 ಬಡ್ಡಿ. ತೋಟದವರು ಇಲ್ಲಿ ಎಡವುವುದು ಬೇರೆ ಕಾರಣಕ್ಕೆ: ಹೋಂಸ್ಟೇಯ ಲಾಭವನ್ನಷ್ಟೇ ನೋಡಿ ಮುಂಗಡ ತೆರಿಗೆ ಅಂದಾಜು ಮಾಡುತ್ತಾರೆ, ಮಾರ್ಚ್ ಹೊತ್ತಿಗೆ ರೋಬಸ್ಟಾ ಮಾರಿ ಬಂದ ಹಣ ದರವನ್ನು ಮೇಲಕ್ಕೆ ತಳ್ಳಿರುತ್ತದೆ.

ಕಾಫಿಯನ್ನು ಹುರಿದ ಕ್ಷಣದಿಂದ

ಕೊಡಗಿನಲ್ಲಿ ಈಗ ಯುವಕ ಯುವತಿಯರು ಹೆಚ್ಚು ಆಸೆಯಿಂದ ನೋಡುತ್ತಿರುವ ಉದ್ಯಮ ಸ್ವಂತ ತೋಟದ ಕಾಫಿಯನ್ನು ಸ್ವಂತ ಹೆಸರಿನಲ್ಲಿ ಮಾರುವುದು. ಕೊಡಗು ಅರೇಬಿಕಾಕ್ಕೆ 2019ರಲ್ಲಿ ಭೌಗೋಳಿಕ ಸೂಚಕವೂ ಸಿಕ್ಕಿದೆ. ತೆರಿಗೆಯ ದೃಷ್ಟಿಯಿಂದ ಇದು ತುಂಬ ಸೂಕ್ಷ್ಮವಾದ ಜಾಗ, ನಿಧಾನವಾಗಿ ನೋಡೋಣ.

ಹಣ್ಣು ಕೊಯ್ದು, ಕಣದಲ್ಲಿ ಒಣಗಿಸಿ ಚೆರಿಯಾಗಿ ಮಾರಿದರೆ ಪೂರ್ತಿ ಕೃಷಿ ಆದಾಯ. ಪಲ್ಪರ್‌ನಲ್ಲಿ ಸಿಪ್ಪೆ ತೆಗೆದು, ತೊಳೆದು, ಒಣಗಿಸಿ ಪಾರ್ಚ್‌ಮೆಂಟ್ ಆಗಿ ಮಾರಿದರೂ ಕೃಷಿ ಆದಾಯವೇ. ಕಾಫಿ ಕಾಯ್ದೆಯಲ್ಲಿ ಕ್ಯೂರಿಂಗ್ ಎಂದರೆ ಪಲ್ಪಿಂಗ್ ಬಿಟ್ಟು ಉಳಿದ ಯಾಂತ್ರಿಕ ಸಂಸ್ಕರಣೆ ಎಂದು ವ್ಯಾಖ್ಯಾನಿಸಿರುವುದರಿಂದ ಪಲ್ಪರ್ ಇಟ್ಟುಕೊಂಡ ಮಾತ್ರಕ್ಕೆ ತೆರಿಗೆ ಬರುವುದಿಲ್ಲ. ಬೆಳೆದವರೇ ಕ್ಯೂರಿಂಗ್ ಕೂಡ ಮುಗಿಸಿ ಮಾರಿದರೆ ಆದಾಯ ತೆರಿಗೆ ನಿಯಮ 7ಬಿ ಪ್ರಕಾರ ಆ ಕಾಫಿಯ ಒಟ್ಟು ಲಾಭದ ಶೇ 25 ವ್ಯಾಪಾರದ ಆದಾಯ, ಶೇ 75 ಕೃಷಿ ಆದಾಯ. ಹುರಿದು ಪುಡಿ ಮಾಡಿ ಮಾರಿದರೆ, ಚಿಕೋರಿ ಬೆರೆಸಲಿ ಬಿಡಲಿ, ಶೇ 40 ವ್ಯಾಪಾರದ ಆದಾಯ, ಶೇ 60 ಕೃಷಿ.

ಇಲ್ಲಿ ಗಮನಿಸಬೇಕಾದದ್ದು, ಶೇ 40 ಬೀಳುವುದು ಹುರಿಯುವುದರಿಂದ ಬಂದ ಹೆಚ್ಚುವರಿ ಲಾಭಕ್ಕೆ ಮಾತ್ರವಲ್ಲ. ಗಿಡದಿಂದ ಪೊಟ್ಟಣದವರೆಗಿನ ಇಡೀ ಲಾಭಕ್ಕೆ ಬೀಳುತ್ತದೆ. ಚೆರಿ ಮಾರಿ 20 ಲಕ್ಷ ನಿವ್ವಳ ಮಾಡುತ್ತಿದ್ದ ಬೆಳೆಗಾರರೊಬ್ಬರು ಇಡೀ ಬೆಳೆಯನ್ನು ಹುರಿದು ಮಾರಲು ಶುರು ಮಾಡಿ ಲಾಭವನ್ನು 28 ಲಕ್ಷಕ್ಕೆ ಏರಿಸಿದರು ಎನ್ನೋಣ. ವ್ಯಾಪಾರದ ಭಾಗ 11.2 ಲಕ್ಷ, ಕೃಷಿ ಭಾಗ 16.8 ಲಕ್ಷ. ಒಟ್ಟು 28 ಲಕ್ಷಕ್ಕೆ ತೆರಿಗೆ 4,20,000, 16.8ಕ್ಕೆ 4 ಸೇರಿಸಿ 20.8 ಲಕ್ಷಕ್ಕೆ 2,20,000. ವ್ಯತ್ಯಾಸ 2 ಲಕ್ಷ, ರಿಬೇಟ್ ಕಳೆದು 1,40,000, ಸೆಸ್ ಸೇರಿ 1,45,600. ಹೊಸದಾಗಿ ಗಳಿಸಿದ 8 ಲಕ್ಷಕ್ಕೆ ಹೋಲಿಸಿದರೆ ಶೇ 18.2. ರೋಸ್ಟರ್‌ನ ಸಾಲದ ಕಂತು, ಪೊಟ್ಟಣ, ಕೊರಿಯರ್ ಎಂದು ತೂಗಿ ನೋಡುವಾಗ ಈ ಶೇ 18 ಲೆಕ್ಕದಲ್ಲಿರದಿದ್ದರೆ ಮೊದಲ ವರ್ಷವೇ ಹಣ ಸಾಲದೆ ಹೋಗುತ್ತದೆ.

ಅದೇ ಬೆಳೆಗಾರರು ಬೆಳೆಯ ಕಾಲು ಭಾಗವನ್ನಷ್ಟೇ ಹುರಿಯಲು ಇಟ್ಟುಕೊಂಡು, ಉಳಿದದ್ದನ್ನು ಎಂದಿನಂತೆ ಚೆರಿಯಾಗಿ ಮಾರಿದರೆ? ಆ ಭಾಗದ ಲಾಭ 5 ಲಕ್ಷದಿಂದ 7 ಲಕ್ಷಕ್ಕೆ ಏರಿದರೆ ವ್ಯಾಪಾರದ ಪಾಲು 2.8 ಲಕ್ಷ. 4 ಲಕ್ಷದೊಳಗೆ ಇರುವುದರಿಂದ ಕೃಷಿ ಆದಾಯದ ಜೊತೆ ಕೂಡಿಸುವ ಪ್ರಶ್ನೆಯೇ ಇಲ್ಲ, ತೆರಿಗೆಯೂ ಇಲ್ಲ. ಬೇರೆ ಕೃಷಿಯೇತರ ಆದಾಯ ಇಲ್ಲದವರಿಗೆ ಹುರಿದು ಪುಡಿ ಮಾಡಿದ ಕಾಫಿಯ ಲಾಭ 10 ಲಕ್ಷದವರೆಗೆ, ಬರೀ ಕ್ಯೂರಿಂಗ್ ಮಾಡಿದ್ದಾದರೆ 16 ಲಕ್ಷದವರೆಗೆ ಈ ನೆಮ್ಮದಿ ಇದೆ. ಆದರೆ ಯಾವ ಚೀಲ ಎಲ್ಲಿಗೆ ಹೋಯಿತು ಎಂಬ ದಾಖಲೆ ಬೇಕು. 50 ಕೆ.ಜಿ. ಚೀಲಗಳ ಲೆಕ್ಕ, ಕ್ಯೂರಿಂಗ್ ವರ್ಕ್ಸ್‌ನ ರಸೀದಿ, ಔಟ್‌ಟರ್ನ್ (ಕ್ಯೂರಿಂಗ್ ನಂತರ ಸಿಕ್ಕ ಕಾಳಿನ ಪ್ರಮಾಣ), ಹುರಿದ ಮೇಲೆ ಇಳಿದ ತೂಕ, ಇವನ್ನು ಬೇರೆ ಪುಸ್ತಕದಲ್ಲಿ ಬರೆದಿಡದಿದ್ದರೆ ಕೂಲಿ, ಗೊಬ್ಬರದ ಖರ್ಚನ್ನು ಎರಡು ಭಾಗಗಳಿಗೆ ಹಂಚಿದ್ದು ಸರಿ ಎಂದು ಅಧಿಕಾರಿಗೆ ತೋರಿಸುವುದು ಕಷ್ಟ.

ಪಕ್ಕದ ತೋಟದಿಂದ ಕೊಂಡ ಕಾಫಿಗೆ 7ಬಿ ಸಿಗದು, ಮಾರುವವರೇ ಬೆಳೆದಿರಬೇಕು. ಕೊಂಡು ಹುರಿದರೆ ಲಾಭವೆಲ್ಲ ವ್ಯಾಪಾರದ ಆದಾಯ. ಇದು ಯಾವಾಗಲೂ ನಷ್ಟದ ಬಾಬತ್ತೇನಲ್ಲ. ಬೇರೆ ಆದಾಯವಿಲ್ಲದ ಮಗಳು ತನ್ನದೇ ರೋಸ್ಟರಿ ತೆರೆದು ತಂದೆಯಿಂದ ಚೆರಿ ಕೊಂಡರೆ ತಂದೆಯ 20 ಲಕ್ಷ ಪೂರ್ತಿ ಕೃಷಿ ಆದಾಯವಾಗಿಯೇ ಉಳಿಯುತ್ತದೆ, ಮಗಳ 8 ಲಕ್ಷ ರಿಬೇಟ್‌ನೊಳಗೆ ಬರುತ್ತದೆ. ಇಬ್ಬರಿಗೂ ತೆರಿಗೆ ಇಲ್ಲ. ಇದು ನಿಲ್ಲಬೇಕಾದರೆ ರೋಸ್ಟರಿ ನಿಜಕ್ಕೂ ಮಗಳದಾಗಿರಬೇಕು: ಬ್ಯಾಂಕ್ ಖಾತೆ, ಆಹಾರ ಸುರಕ್ಷತಾ ನೋಂದಣಿ, ಯಂತ್ರದ ಬಿಲ್ಲು ಎಲ್ಲ ಅವಳ ಹೆಸರಿನಲ್ಲಿ. ಕೊಂಡ ಬೆಲೆ ಆ ದಿನದ ಮಾರುಕಟ್ಟೆ ಬೆಲೆಯಾಗಿರಬೇಕು. ಸಂಬಂಧಿಕರಿಗೆ ಹೆಚ್ಚು ಬೆಲೆ ಕೊಟ್ಟಂತೆ ತೋರಿಸಿದರೆ ಸೆಕ್ಷನ್ 40ಎ(2) ಪ್ರಕಾರ ಹೆಚ್ಚಿನ ಭಾಗವನ್ನು ಖರ್ಚಾಗಿ ಒಪ್ಪುವುದಿಲ್ಲ. ಕಾಫಿ ಮಂಡಳಿ ಪ್ರಕಟಿಸುವ ದಿನದ ದರವನ್ನು ಖರೀದಿ ಚೀಟಿಯ ಜೊತೆ ಲಗತ್ತಿಸಿಟ್ಟರೆ ಸಾಕು.

ಮೆಣಸು, ಏಲಕ್ಕಿಗೆ ಈ ಸಿದ್ಧ ಅನುಪಾತ ಇಲ್ಲ. ಮೆಣಸನ್ನು ಬಿಡಿಸಿ ಒಣಗಿಸುವುದು ಮಾರುಕಟ್ಟೆಗೆ ಒಯ್ಯಲು ಬೆಳೆಗಾರರು ಸಾಮಾನ್ಯವಾಗಿ ಮಾಡುವ ಕೆಲಸ, ಅದು ಕೃಷಿಯೇ. ಪುಡಿ ಮಾಡಿ ಡಬ್ಬಿಗೆ ತುಂಬಿದರೆ ನಿಯಮ 7: ಒಣ ಮೆಣಸಿನ ಮಾರುಕಟ್ಟೆ ಬೆಲೆಯನ್ನು ಕಚ್ಚಾವಸ್ತುವಿನ ಖರ್ಚೆಂದು ಕಳೆದು, ಅದರ ಮೇಲಿನ ಲಾಭ ಮಾತ್ರ ವ್ಯಾಪಾರದ ಆದಾಯ. ಬೆಳೆದವರಿಗೆ ಇದು ಕಾಫಿಯ ನಿಯಮಕ್ಕಿಂತ ನ್ಯಾಯವಾಗಿದೆ. ಹೊಸದಾಗಿ ಏನಾದರೂ ಮಾಡಬೇಕೆಂದಿರುವವರು ನರ್ಸರಿಯ ಕಡೆಗೂ ನೋಡಬಹುದು. ನರ್ಸರಿಯಲ್ಲಿ ಬೆಳೆಸಿದ ಕಾಫಿ ಸಸಿ, ಮೆಣಸಿನ ಬಳ್ಳಿ ಮಾರಿ ಬಂದ ಆದಾಯವನ್ನು ಕಾಯ್ದೆ ಕೃಷಿ ಆದಾಯವೆಂದೇ ಪರಿಗಣಿಸುತ್ತದೆ.

ಲಾಭದಲ್ಲಿ ಪಾಲು, ನಷ್ಟದಲ್ಲಿ ಕೈತೊಳೆದುಕೊಳ್ಳುವುದು

ದರ ಹೆಚ್ಚಾದರೆ ಉದ್ಯಮ ಕಡಿಮೆಯಾಗುತ್ತದೆಯೇ ಎಂಬ ಪ್ರಶ್ನೆಗೆ ಅರ್ಥಶಾಸ್ತ್ರಜ್ಞರು ಒಂದೇ ಉತ್ತರ ಕೊಟ್ಟಿಲ್ಲ. 1944ರಲ್ಲಿ ಡೋಮರ್ ಮತ್ತು ಮಸ್‌ಗ್ರೇವ್ ತೋರಿಸಿದ ಸಂಗತಿ ಇಂದಿಗೂ ಮುಖ್ಯ. ಲಾಭ ಬಂದಾಗ ಸರ್ಕಾರ ಶೇ 30 ತೆಗೆದುಕೊಂಡು, ನಷ್ಟವಾದಾಗ ಅದೇ ಶೇ 30ರಷ್ಟು ತೆರಿಗೆ ಉಳಿಸಿಕೊಟ್ಟರೆ ಅದು ಗಂಡಾಂತರದಲ್ಲೂ ಪಾಲುದಾರನಾದಂತೆ. ಆಗ ಜನ ಹೆಚ್ಚು ಧೈರ್ಯ ತೋರಬಹುದು. ನಷ್ಟದ ಪಾಲನ್ನು ಸರ್ಕಾರ ಹೊರದಿದ್ದರೆ ದರವೆಲ್ಲ ಉದ್ಯಮಿಯ ವಿರುದ್ಧವೇ ಕೆಲಸ ಮಾಡುತ್ತದೆ.

ನಮ್ಮಲ್ಲಿ ಇರುವುದು ಹೆಚ್ಚುಮಟ್ಟಿಗೆ ಎರಡನೆಯ ಸ್ಥಿತಿ. ವ್ಯಾಪಾರದ ನಷ್ಟವನ್ನು ಸಂಬಳ, ಪಿಂಚಣಿಯಲ್ಲಿ ಕಳೆಯುವಂತಿಲ್ಲ. ಬಡ್ಡಿ, ಬಾಡಿಗೆಯಂಥ ಆದಾಯದಲ್ಲಿ ಅದೇ ವರ್ಷ ಕಳೆಯಬಹುದು. ಉಳಿದದ್ದನ್ನು 8 ವರ್ಷ ಮುಂದಕ್ಕೆ ಒಯ್ದು ವ್ಯಾಪಾರದ ಲಾಭದಲ್ಲಿ ಮಾತ್ರ ಕಳೆಯಬೇಕು. ಅದೂ ನಷ್ಟದ ವರ್ಷದ ರಿಟರ್ನ್ ಗಡುವಿನೊಳಗೆ ಸಲ್ಲಿಕೆಯಾಗಿದ್ದರೆ. ಲಾಭವೇ ಇಲ್ಲ, ರಿಟರ್ನ್ ಯಾಕೆ ಎಂದು ಮೊದಲ ವರ್ಷ ಸುಮ್ಮನಿದ್ದವರು ಆ ನಷ್ಟವನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತಾರೆ. ತೋಟದ ನಷ್ಟವನ್ನಂತೂ ಹೋಂಸ್ಟೇಯ ಲಾಭದಲ್ಲಿ ಕಳೆಯಲು ದಾರಿಯೇ ಇಲ್ಲ. 2018ರ ಆಗಸ್ಟ್‌ನಂಥ ಮಳೆಗೆ ಬೆಳೆ ನೆಲಕಚ್ಚಿದ ವರ್ಷ, ಹೋಂಸ್ಟೇಯಲ್ಲಿ ಅಷ್ಟಿಷ್ಟು ಉಳಿದಿದ್ದರೆ ಅದಕ್ಕೆ ತೆರಿಗೆ ಕಟ್ಟಲೇಬೇಕು.

ಇನ್ನು ದರ ಏರುತ್ತಾ ಹೋಗುವ ರೀತಿ. ಬೆಂಗಳೂರಿನಲ್ಲಿ 20.75 ಲಕ್ಷ ಸಂಬಳ ಇರುವವರು 2,08,000 ತೆರಿಗೆ ಕಟ್ಟಿ 18.67 ಲಕ್ಷ ಮನೆಗೆ ತರುತ್ತಾರೆ. ಅವರು ಕುಶಾಲನಗರಕ್ಕೆ ಬಂದು ಉದ್ಯಮ ಶುರು ಮಾಡಿದರೆ ಅರ್ಧ ಸಾಧ್ಯತೆ ಏನೂ ಉಳಿಯದು, ಇನ್ನರ್ಧ ಸಾಧ್ಯತೆ 40 ಲಕ್ಷ ಉಳಿಯುತ್ತದೆ ಎಂದುಕೊಳ್ಳಿ. ಸರಾಸರಿ 20 ಲಕ್ಷ, ಸಂಬಳಕ್ಕಿಂತ 75,000 ಮಾತ್ರ ಕಡಿಮೆ. ಆದರೆ 40 ಲಕ್ಷ ಬಂದ ವರ್ಷ ತೆರಿಗೆ 8,11,200. ಏನೂ ಬರದ ವರ್ಷ ಸರ್ಕಾರದಿಂದ ಏನೂ ಇಲ್ಲ. ತೆರಿಗೆಯ ನಂತರದ ಸರಾಸರಿ 15,94,400. ಅಂತರ 75,000ದಿಂದ 2,72,600ಕ್ಕೆ ಹಿಗ್ಗಿತು. ಜೆಂಟ್ರಿ ಮತ್ತು ಹಬರ್ಡ್ 2000ದಲ್ಲಿ ಅಮೆರಿಕದ ಕುಟುಂಬಗಳ ಮಾಹಿತಿ ಇಟ್ಟುಕೊಂಡು ಕಂಡದ್ದೂ ಇದನ್ನೇ: ಯಶಸ್ಸಿನ ಮೇಲೆ ಬೀಳುವ ದರ ಕಡಿದಾದಷ್ಟೂ ಸಂಬಳ ಬಿಟ್ಟು ಸ್ವಂತ ಉದ್ಯಮಕ್ಕೆ ಇಳಿಯುವವರು ಕಡಿಮೆ. ಕಲೆನ್ ಮತ್ತು ಗಾರ್ಡನ್ 2007ರಲ್ಲಿ ಇನ್ನೊಂದು ಮುಖ ತೋರಿಸಿದರು. ನಷ್ಟವನ್ನು ವೈಯಕ್ತಿಕ ಆದಾಯದಲ್ಲಿ ಕಳೆದುಕೊಂಡು, ಲಾಭ ಬಂದಾಗ ಕಡಿಮೆ ದರದ ಕಂಪನಿಗೆ ಬದಲಾಗುವ ಅವಕಾಶವಿದ್ದಲ್ಲಿ ವೈಯಕ್ತಿಕ ದರ ಹೆಚ್ಚಿರುವುದೇ ಉದ್ಯಮಕ್ಕೆ ಉತ್ತೇಜನವಾಗಬಲ್ಲದು. ಸಂಬಳದಲ್ಲಿ ನಷ್ಟ ಕಳೆಯಲು ಬಿಡದ ನಮ್ಮ ಕಾಯ್ದೆಯಲ್ಲಿ ಆ ಬಾಗಿಲು ಮುಚ್ಚಿದೆ.

ಏರಿಳಿತಕ್ಕೂ ಬೆಲೆ ತೆರಬೇಕು. ಮೂರು ವರ್ಷ 12 ಲಕ್ಷದಂತೆ 36 ಲಕ್ಷ ಗಳಿಸಿದವರಿಗೆ ತೆರಿಗೆಯೇ ಇಲ್ಲ. ಎರಡು ವರ್ಷ ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ನಡೆಸಿ ಮೂರನೆಯ ವರ್ಷ ಒಮ್ಮೆಗೇ 36 ಲಕ್ಷ ಗಳಿಸಿದವರಿಗೆ 6,86,400. ಹೊಸ ಉದ್ಯಮದ ಆದಾಯ ಸಾಮಾನ್ಯವಾಗಿ ಬರುವುದು ಎರಡನೆಯ ರೀತಿಯಲ್ಲೇ.

ಹಾಗೆಂದು ಎಲ್ಲ ಹಿಂಜರಿಕೆಯನ್ನೂ ತೆರಿಗೆಯ ತಲೆಗೆ ಕಟ್ಟುವುದು ಸರಿಯಲ್ಲ. ಸಂಬಳ, ತೋಟ, ಪಿಂಚಣಿ ಯಾವುದೂ ಇಲ್ಲದೆ ವರ್ಷಕ್ಕೆ 12 ಲಕ್ಷದೊಳಗೆ ಲಾಭ ನಿರೀಕ್ಷಿಸುವವರ ನಿರ್ಧಾರದಲ್ಲಿ ಆದಾಯ ತೆರಿಗೆಗೆ ಈಗ ಪಾತ್ರವೇ ಇಲ್ಲ. ಅವರನ್ನು ತಡೆಯುವುದು ಬಂಡವಾಳ, ರಸ್ತೆ, ಕೆಲಸಗಾರರ ಕೊರತೆ.

ಯಾರ ಹೆಸರಿನಲ್ಲಿ?

ಮೊದಲ ರೂಪಾಯಿ ಎಲ್ಲಿ ಬೀಳುತ್ತದೆ ಎಂಬುದು ಉದ್ಯಮ ಯಾರದು ಎಂಬುದರ ಮೇಲೆ ನಿಂತಿರುವುದರಿಂದ ಮನೆಯಲ್ಲಿ ಈ ಮಾತು ಬಂದೇ ಬರುತ್ತದೆ. ಹೆಂಡತಿಯ ಹೆಸರಿನಲ್ಲಿ ಮಾಡಿದರಾಯಿತು ಎಂಬ ಸಲಹೆ ಅರ್ಧ ಸರಿ. ಗಂಡ ದಾನ ಕೊಟ್ಟ ಹಣವನ್ನು ಹೂಡಿ ಹೆಂಡತಿ ವ್ಯಾಪಾರ ಮಾಡಿದರೆ, ಆ ಹಣದ ಪ್ರಮಾಣಕ್ಕೆ ತಕ್ಕ ಲಾಭ ಗಂಡನ ಆದಾಯಕ್ಕೇ ಸೇರುತ್ತದೆ. ಸೊಸೆಗೆ ಕೊಟ್ಟರೂ ಹಾಗೆಯೇ. ವಯಸ್ಕ ಮಗ ಅಥವಾ ಮಗಳಿಗೆ ಕೊಟ್ಟರೆ ಸೇರುವುದಿಲ್ಲ. ಹೆಂಡತಿ ತನ್ನ ಸ್ವಂತ ಉಳಿತಾಯದಿಂದ, ಬ್ಯಾಂಕ್ ಸಾಲದಿಂದ ಅಥವಾ ಗಂಡನಿಂದ ತಕ್ಕ ಬಡ್ಡಿಗೆ ಪಡೆದ ಸಾಲದಿಂದ ಶುರು ಮಾಡಿದರೆ ಲಾಭ ಅವಳದೇ.

ಪಾಲುದಾರಿಕೆ ಸಂಸ್ಥೆಗೆ ಮೆಟ್ಟಿಲುಗಳೇ ಇಲ್ಲ. ಮೊದಲ ರೂಪಾಯಿಯಿಂದಲೇ ಶೇ 30, ಸೆಸ್ ಸೇರಿ 31.2. ಪಾಲುದಾರರ ಹೊಣೆಗೆ ಮಿತಿ ಇರುವ ಎಲ್‌ಎಲ್‌ಪಿಗೂ ಇದೇ. ಆದರೆ ದುಡಿಯುವ ಪಾಲುದಾರರಿಗೆ ಸಂಭಾವನೆ ಕೊಟ್ಟು ಕಳೆಯಬಹುದು: ಲಾಭದ ಮೊದಲ 6 ಲಕ್ಷಕ್ಕೆ ಶೇ 90 ಅಥವಾ 3 ಲಕ್ಷ, ಯಾವುದು ಹೆಚ್ಚೋ ಅದು, ಉಳಿದದ್ದಕ್ಕೆ ಶೇ 60. 8 ಲಕ್ಷ ಲಾಭದಲ್ಲಿ 6.6 ಲಕ್ಷ ಸಂಭಾವನೆ ಹೋಗಿ, ಉಳಿದ 1.4 ಲಕ್ಷಕ್ಕೆ ಸಂಸ್ಥೆ ಕಟ್ಟುವುದು 43,680. ಸಂಭಾವನೆಯ ವಿಷಯ ಪಾಲುದಾರಿಕೆ ಪತ್ರದಲ್ಲಿ ಬರೆದಿರಲೇಬೇಕು. ಇಲ್ಲೂ ಒಂದು ಗುಂಡಿ ಇದೆ. ಗಂಡನಿಗೆ, ಸಂಬಂಧಿಕರೊಡನೆ ಸೇರಿ, ಶೇ 20 ಅಥವಾ ಹೆಚ್ಚು ಪಾಲಿರುವ ಸಂಸ್ಥೆಯಿಂದ ಹೆಂಡತಿ ಪಡೆಯುವ ಸಂಭಾವನೆ, ಅದಕ್ಕೆ ತಕ್ಕ ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆ ಅವಳಿಗೆ ಇಲ್ಲದಿದ್ದರೆ, ಗಂಡನ ಆದಾಯಕ್ಕೆ ಸೇರುತ್ತದೆ. ವಯಸ್ಕ ಮಕ್ಕಳ ಜೊತೆಗಿನ ಪಾಲುದಾರಿಕೆಗೆ ಈ ತೊಡಕಿಲ್ಲ.

ಕಂಪನಿಗೆ ಸೆಕ್ಷನ್ 115ಬಿಎಎ ಅಡಿ ಎಲ್ಲ ಸೇರಿ ಶೇ 25.168. ಲಾಭವನ್ನು ಕಂಪನಿಯಲ್ಲೇ ಬಿಟ್ಟು ಬೆಳೆಸುವವರಿಗೆ ಇದು ಸರಿ. ಮನೆಖರ್ಚಿಗೆ ಲಾಭಾಂಶ ತೆಗೆದರೆ ಅದಕ್ಕೆ ಮತ್ತೆ ವೈಯಕ್ತಿಕ ದರದ ತೆರಿಗೆ. ನಾಲ್ಕು ಕೋಣೆಯ ಹೋಂಸ್ಟೇಗೆ ಕಂಪನಿ ಮಾಡಿದರೆ ಉಳಿಯುವ ತೆರಿಗೆ ಲೆಕ್ಕಪರಿಶೋಧನೆಯ ಖರ್ಚಿಗೂ ಸಾಲದು. ಸ್ಟಾರ್ಟ್‌ಅಪ್‌ಗಳಿಗೆ ಮೂರು ವರ್ಷ ತೆರಿಗೆ ಇಲ್ಲ ಎಂಬ ಸೆಕ್ಷನ್ 80-ಐಎಸಿ ಸೌಲಭ್ಯ ಕಂಪನಿ ಮತ್ತು ಎಲ್‌ಎಲ್‌ಪಿಗಳಿಗೆ ಮಾತ್ರ, ಅದಕ್ಕೂ ಅಂತರ ಸಚಿವಾಲಯ ಮಂಡಳಿಯ ಪ್ರಮಾಣಪತ್ರ ಬೇಕು.

ಮೊದಲ ವರ್ಷದ ಕಾಗದ ಪತ್ರ

ಸೆಕ್ಷನ್ 44ಎಡಿ ಸುಲಭ ದಾರಿ: ವಹಿವಾಟು 2 ಕೋಟಿಯೊಳಗೆ, ನಗದು ಶೇ 5 ಮೀರದಿದ್ದರೆ 3 ಕೋಟಿಯೊಳಗೆ ಇದ್ದರೆ, ನಗದು ವಹಿವಾಟಿನ ಶೇ 8, ಬ್ಯಾಂಕ್ ಮತ್ತು ಯುಪಿಐ ಮೂಲಕ ಬಂದದ್ದರ ಶೇ 6 ಲಾಭವೆಂದು ತೋರಿಸಬಹುದು. ನಿಜವಾದ ಲಾಭ ಹೆಚ್ಚಿದ್ದರೆ ಅದನ್ನೇ ತೋರಿಸಬೇಕು. ಹೋಂಸ್ಟೇಗಳಲ್ಲಿ ಅದು ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ. ಈ ದಾರಿಯಲ್ಲಿ ಮುಂಗಡ ತೆರಿಗೆಯನ್ನು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಿದರೆ ಸಾಕು. ಆದರೆ ನಷ್ಟವಾದ ಮೊದಲ ವರ್ಷಕ್ಕೆ ಇದನ್ನು ಆರಿಸಿಕೊಂಡರೆ ಇಲ್ಲದ ಲಾಭ ತೋರಿಸಿದಂತಾಗುತ್ತದೆ, ನಷ್ಟವನ್ನು ಮುಂದಕ್ಕೆ ಒಯ್ಯಲಾಗದು, ಸವಕಳಿಯೂ ಕಳೆದಂತೆಯೇ ಲೆಕ್ಕ. ಒಮ್ಮೆ ಒಳಗೆ ಹೋಗಿ ಐದು ವರ್ಷದೊಳಗೆ ಹೊರಬಂದರೆ ಮುಂದಿನ ಐದು ವರ್ಷ ಮತ್ತೆ ಸೇರುವಂತಿಲ್ಲ. ಹೆಚ್ಚು ಹಣ ಹಾಕಿದ ಮೊದಲ ಒಂದೆರಡು ವರ್ಷ ಪುಸ್ತಕ ಬರೆದು ನಷ್ಟ ತೋರಿಸಿ, ಆಮೇಲೆ 44ಎಡಿಗೆ ಬರುವುದು ಜಾಣತನ.

ಯಂತ್ರ ಕೊಳ್ಳುವ ತಿಂಗಳೂ ಮುಖ್ಯ. ರೋಸ್ಟರ್‌ನಂಥ ಯಂತ್ರಕ್ಕೆ ಸವಕಳಿ ಶೇ 15. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದರೆ ಅದರ ಅರ್ಧ. 6 ಲಕ್ಷದ ಯಂತ್ರ ಸೆಪ್ಟೆಂಬರ್‌ನಲ್ಲಿ ಕೆಲಸ ಶುರು ಮಾಡಿದರೆ 90,000 ಕಳೆಯಬಹುದು, ಕೊಯ್ಲು ಮುಗಿಯಲಿ ಎಂದು ಜನವರಿಗೆ ತಳ್ಳಿದರೆ 45,000. ಹುರಿಯಲು ಕಾಫಿ ಕೊಳ್ಳುವಾಗ, ಬೆಳೆಗಾರರಿಗೆ ನೇರವಾಗಿ ಕೊಟ್ಟ ನಗದಿಗೆ ದಿನಕ್ಕೆ 10,000ದ ಮಿತಿ ಅನ್ವಯಿಸದು. ವ್ಯಾಪಾರಿಯಿಂದ ಕೊಂಡರೆ ಅನ್ವಯಿಸುತ್ತದೆ, ಮೀರಿದ ಪಾವತಿ ಖರ್ಚಾಗಿ ನಿಲ್ಲದು. ಬೆಳೆಗಾರರೂ ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ.

ರಿಟರ್ನ್ ನಮೂನೆಯ ಬಗ್ಗೆ ಒಂದು ಮಾತು. ಕೃಷಿ ಆದಾಯ 5,000 ದಾಟಿದವರು 44ಎಡಿಯಲ್ಲಿದ್ದರೂ ಸುಲಭದ ಐಟಿಆರ್-4 ಬಳಸುವಂತಿಲ್ಲ, ಐಟಿಆರ್-3 ತುಂಬಬೇಕು. ಕೃಷಿ ಆದಾಯ 5 ಲಕ್ಷ ದಾಟಿದ್ದರೆ ಅದರಲ್ಲಿ ಜಮೀನಿರುವ ಜಿಲ್ಲೆ, ಪಿನ್‌ಕೋಡ್, ಎಕರೆ, ಸ್ವಂತದ್ದೋ ಗುತ್ತಿಗೆಯೋ, ನೀರಾವರಿಯೋ ಮಳೆಯಾಶ್ರಿತವೋ ಎಂದು ಬರೆಯಬೇಕು. ಅದು ಆರ್‌ಟಿಸಿಗೆ ಹೊಂದಬೇಕು. ಕೊಡಗಿನ ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಭೂಮಿಯಂಥ ಕಡೆ ಹಲವರ ಹೆಸರು ಒಟ್ಟಿಗೆ ಇರುವುದರಿಂದ ಯಾರು ಎಷ್ಟು ಪಾಲು ಅನುಭವಿಸುತ್ತಿದ್ದಾರೆ ಎಂಬುದಕ್ಕೆ ಬರಹದ ಆಧಾರ ಇರಲಿ. ತೋಟ ನಿಜಕ್ಕೂ ಅವಿಭಕ್ತ ಕುಟುಂಬದ್ದಾಗಿ ಆ ಕುಟುಂಬಕ್ಕೆ ಪ್ರತ್ಯೇಕ ಪ್ಯಾನ್ ಇದ್ದರೆ, ಅದರ ಕೃಷಿ ಆದಾಯ ಸದಸ್ಯರ ಸ್ವಂತ ವ್ಯಾಪಾರದ ಆದಾಯದೊಡನೆ ಕೂಡುವುದಿಲ್ಲ. ಎರಡನೆಯ ಮನೆಯವರಿಗೆ ಹಾಗಿದ್ದಿದ್ದರೆ 36,400 ಬೀಳುತ್ತಲೇ ಇರಲಿಲ್ಲ. ಈ ವಿಷಯವನ್ನು ಹೋಂಸ್ಟೇಯ ಪಾಯ ತೆಗೆಯುವ ಮೊದಲೇ ಆಡಿಟರ್ ಮುಂದೆ ಆರ್‌ಟಿಸಿ, ಪಾಲುಪಟ್ಟಿ ಇಟ್ಟು ಕೇಳಿ. ಕಟ್ಟಡ ಎದ್ದ ಮೇಲೆ ಯಾರ ಹಣ, ಯಾರ ಜಾಗ ಎಂಬುದನ್ನು ಬದಲಿಸಲು ಆಗದು.